ಸಂಬಳವಿಲ್ಲದ ಆಡಳಿತ ಮಂಡಳಿಯ ಕೆಲಸ ಎಲ್ಲಿಂದ ಎಲ್ಲಿಯವರೆಗೆ?

ಪ್ರಶ್ನೆ ಕೇಳಿದವರು: ಮುಂಜಾವು

ಕಿವಿ ಕೇಳದ ಮಕ್ಕಳಿಗೆ ಸಂಜೆಯ ಹೊತ್ತು ಪಾಠ ಹೇಳಿಕೊಡುವ ಸೇವಾ ಸಂಸ್ಥೆಯೊಂದರ ಆಡಳಿತ ಮಂಡಳಿಗೆ ಈ ವರ್ಷ ನನ್ನನ್ನು ಸೇರಿಸಿಕೊಂಡಿದ್ದಾರೆ. ಮಂಡಳಿಯಲ್ಲಿ ಒಂಬತ್ತು ಮಂದಿ ಇದ್ದೇವೆ. ಯಾರಿಗೂ ಸಂಬಳವಿಲ್ಲ, ಗೌರವಧನವೂ ಇಲ್ಲ. ದಿನನಿತ್ಯದ ಕೆಲಸಕ್ಕೆ ಸಂಬಳದ ಮೇಲೆ ನೇಮಕಗೊಂಡ ನಿರ್ದೇಶಕರಿದ್ದಾರೆ. ಅವರ ಕೈಕೆಳಗೆ ಐವರು ಶಿಕ್ಷಕಿಯರು, ಒಬ್ಬ ಗುಮಾಸ್ತರು, ವ್ಯಾನಿನ ಚಾಲಕರು.

ಸೇರುವಾಗ ನನ್ನ ಕೆಲಸವೇನು ಎಂದು ಕೇಳಿದ್ದೆ. "ಸಭೆಗೆ ಬನ್ನಿ, ಅಷ್ಟು ಸಾಕು" ಎಂದರು. ಸಭೆಗಳಲ್ಲಿ ನಡೆಯುವುದು ಹೀಗೆ: ಹೊಸ ಕುರ್ಚಿಗಳು ಮರದ್ದಿರಬೇಕೋ ಪ್ಲಾಸ್ಟಿಕ್ಕಿನದ್ದೋ ಎಂಬುದರ ಮೇಲೆ ದೀರ್ಘ ಚರ್ಚೆ. ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರ ಹೆಸರು ಕೆಳಗೆ ಎಂಬುದರ ಮೇಲೆ ಇನ್ನೂ ದೀರ್ಘ ಚರ್ಚೆ. ಎಲ್ಲರೂ ಏಳುವ ಹೊತ್ತಿಗೆ ಲೆಕ್ಕಪತ್ರ ಬರುತ್ತದೆ. "ಓದಿದಂತೆ ಭಾವಿಸಿ ಅಂಗೀಕರಿಸೋಣ" ಎನ್ನುತ್ತಾರೆ, ಕೈ ಎತ್ತುತ್ತೇವೆ, ಮುಗಿಯಿತು.

ಕಳೆದ ಸಭೆಯಲ್ಲಿ ನಾನು, ಬ್ಯಾಂಕಿನಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕಾಗುತ್ತದೆ ಎಂದು ಕೇಳಿದೆ. ಅಧ್ಯಕ್ಷರಿಗೆ ಬೇಸರವಾಯಿತು. "ನಿರ್ದೇಶಕರ ಮೇಲೆ ನಿಮಗೆ ನಂಬಿಕೆ ಇಲ್ಲವೇ?" ಎಂದು ಎಲ್ಲರ ಮುಂದೆ ಕೇಳಿದರು. ಪಕ್ಕದಲ್ಲಿದ್ದವರು, "ನಾವು ಪುಕ್ಕಟೆ ಬರುವವರು, ಇಷ್ಟೆಲ್ಲ ತಲೆಗೆ ಹಚ್ಚಿಕೊಳ್ಳಬೇಕೇ?" ಎಂದರು. ನಿರ್ದೇಶಕರು ತಲೆ ತಗ್ಗಿಸಿ ಕುಳಿತಿದ್ದರು. ಉತ್ತರ ಬರಲಿಲ್ಲ.

ಇನ್ನೊಂದು ವಿಷಯ. ಮಂಡಳಿಯ ಹಿರಿಯ ಸದಸ್ಯರೊಬ್ಬರು ತರಗತಿಗೇ ಹೋಗಿ, ಸಂಕೇತ ಭಾಷೆ ಕಡಿಮೆ ಮಾಡಿ ತುಟಿಯ ಚಲನೆ ನೋಡಿ ಕಲಿಯುವುದನ್ನು ಹೆಚ್ಚಿಸಿ ಎಂದು ಶಿಕ್ಷಕಿಯರಿಗೆ ಹೇಳಿ ಬರುತ್ತಾರೆ. ಸಂಸ್ಥೆಗೆ ಅತಿ ಹೆಚ್ಚು ದೇಣಿಗೆ ಕೊಟ್ಟವರು ಅವರೇ. ಮಕ್ಕಳ ಮೇಲೆ ಅವರಿಗಿರುವ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ನಿರ್ದೇಶಕರು ಒಂದು ಹೇಳುತ್ತಾರೆ, ಇವರು ಇನ್ನೊಂದು ಹೇಳುತ್ತಾರೆ. ಶಿಕ್ಷಕಿಯರು ಯಾರ ಮಾತು ಕೇಳಬೇಕು?

ತಿಳಿದವರು ಹೇಳಿ. ಸಂಬಳವಿಲ್ಲದೆ ಬರುವ ನಮ್ಮ ನಿಜವಾದ ಕೆಲಸ ಯಾವುದು? ಯಾರ ಮನಸ್ಸನ್ನೂ ನೋಯಿಸದೆ ಅದನ್ನು ಮಾಡುವ ದಾರಿ ಇದೆಯೇ?

ಉತ್ತರ: ತೆರೆದ ಕಿಟಕಿ

ಎಲ್ಲ ಮಂಡಳಿಗಳಿಗೂ ಒಂದೇ ನಿಯಮ ಹೇಳಬಾರದು ಎಂಬುದು ನನ್ನ ಅನುಭವ. ನಮ್ಮದು ರಕ್ತದಾನಿಗಳನ್ನೂ ರೋಗಿಗಳ ಕುಟುಂಬದವರನ್ನೂ ಜೋಡಿಸುವ ಪುಟ್ಟ ಸಂಘ. ಸಂಬಳದ ನೌಕರರು ಒಬ್ಬರೂ ಇಲ್ಲ. ರಾತ್ರಿ ಕರೆ ಬಂದರೆ ಫೋನ್ ಎತ್ತುವವರೂ ಸಮಿತಿಯವರೇ, ರಸೀದಿ ಬರೆಯುವವರೂ ಸಮಿತಿಯವರೇ. "ಮಂಡಳಿಯವರು ದಿನನಿತ್ಯದ ಕೆಲಸಕ್ಕೆ ಕೈ ಹಾಕಬಾರದು" ಎಂದು ನಮಗೆ ಯಾರಾದರೂ ಹೇಳಿದರೆ ಸಂಘ ನಾಳೆಯೇ ಮುಚ್ಚುತ್ತದೆ.

ನಿಮ್ಮಲ್ಲಿ ನಿರ್ದೇಶಕರಿದ್ದಾರೆ, ಸಿಬ್ಬಂದಿ ಇದ್ದಾರೆ. ಆದ್ದರಿಂದ ನಿಮ್ಮ ಪರಿಸ್ಥಿತಿ ಬೇರೆ. ಆದರೂ ಆ ಹಿರಿಯ ಸದಸ್ಯರನ್ನು ದೂರ ತಳ್ಳಬೇಡಿ. ಹಣವನ್ನೂ ಸಮಯವನ್ನೂ ಎರಡನ್ನೂ ಕೊಡುವವರು ಸುಲಭವಾಗಿ ಸಿಗುವುದಿಲ್ಲ.

ಉತ್ತರ: ಲೆಕ್ಕದ ಮೇಷ್ಟರು

ಮುಂಜಾವು ಅವರೇ, ನಿಮ್ಮ ಅಧ್ಯಕ್ಷರು ನಿಮ್ಮನ್ನು ಕೇಳಿದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ನಿರ್ದೇಶಕರ ಮೇಲೆ ನಂಬಿಕೆ ಇರಲೇಬೇಕು. ಆದರೆ ಲೆಕ್ಕ ಕೇಳುವುದಕ್ಕೂ ಅಪನಂಬಿಕೆಗೂ ಸಂಬಂಧವೇ ಇಲ್ಲ. ವ್ಯಾಪಾರದ ಕಂಪನಿಯಲ್ಲಿ ಹಣ ಹಾಕಿದವನಿಗೆ ನಷ್ಟವಾದರೆ ಅವನೇ ಬಂದು ಬಾಗಿಲು ಬಡಿಯುತ್ತಾನೆ. ಸೇವಾ ಸಂಸ್ಥೆಗೆ ಹಾಗೆ ಒಡೆಯರು ಯಾರೂ ಇಲ್ಲ. ದೇಣಿಗೆ ಕೊಟ್ಟವರು ಕೊಟ್ಟು ಹೋಗಿರುತ್ತಾರೆ. ಮಕ್ಕಳು ಕೇಳಲಾರರು, ಪಾಠ ನಿಂತುಹೋದೀತೆಂಬ ಅಂಜಿಕೆಯಿಂದ ತಂದೆತಾಯಂದಿರೂ ಕೇಳುವುದಿಲ್ಲ. ಅವರೆಲ್ಲರ ಪರವಾಗಿ ಕೇಳಲೆಂದೇ ಮಂಡಳಿ ಇರುವುದು. ಮಂಡಳಿಯೂ ಸುಮ್ಮನಾದರೆ ಕೇಳುವವರೇ ಇಲ್ಲ. ನೀವು ಕೇಳಿದ ಪ್ರಶ್ನೆ ನಿಮ್ಮ ಕೆಲಸದ ಮೊದಲ ಸಾಲು. ಅದನ್ನು ನಯವಾಗಿ ಮತ್ತೆ ಕೇಳಿ.

ಉದ್ಯೋಗದಲ್ಲಿದ್ದಷ್ಟು ಕಾಲ ನಾನು ಲೆಕ್ಕಪರಿಶೋಧಕನಾಗಿದ್ದೆ. ಈಗ ಎರಡು ಸೇವಾ ಸಂಸ್ಥೆಗಳ ಮಂಡಳಿಯಲ್ಲಿದ್ದೇನೆ, ಎರಡರಲ್ಲಿಯೂ ಸಂಬಳವಿಲ್ಲದೆ. ಹೊಸ ಸದಸ್ಯರು ಬಂದಾಗಲೆಲ್ಲ ನಾನು ಒಂದು ಮೊಕದ್ದಮೆಯ ಕಥೆ ಹೇಳುತ್ತೇನೆ. ವಾಷಿಂಗ್ಟನ್ನಿನ ಸಿಬ್ಲಿ ಆಸ್ಪತ್ರೆಯದು. ಲಾಭದ ಉದ್ದೇಶವಿಲ್ಲದ ಆಸ್ಪತ್ರೆ, ಗಣ್ಯರ ಮಂಡಳಿ. 1960ರಲ್ಲಿ ಬೈಲಾ, ಅಂದರೆ ಸಂಸ್ಥೆಯ ಒಳನಿಯಮಗಳನ್ನು ತಿದ್ದಿ ಹಣಕಾಸು ಸಮಿತಿ, ಹೂಡಿಕೆ ಸಮಿತಿ ಎಂದು ಎರಡು ಸಮಿತಿಗಳನ್ನು ರಚಿಸಿದರು. ಆ ಎರಡೂ ಸಮಿತಿಗಳು 1971ರವರೆಗೆ ಒಂದು ಬಾರಿಯೂ ಸಭೆ ಸೇರಲಿಲ್ಲ! ಆಡಳಿತಾಧಿಕಾರಿ ಮತ್ತು ಖಜಾಂಚಿ ಇಬ್ಬರೇ ಎಲ್ಲವನ್ನೂ ನಡೆಸಿದರು. ಮಂಡಳಿ ಅವರು ಇಟ್ಟ ಕಾಗದಕ್ಕೆ ಒಪ್ಪಿಗೆ ಕೊಟ್ಟಿತು. ಬೇಕಾದದ್ದಕ್ಕಿಂತ ಹೆಚ್ಚು ಹಣ ಬಡ್ಡಿ ಬಾರದ ಖಾತೆಗಳಲ್ಲಿ ಬಿದ್ದಿತ್ತು. ಆ ಬ್ಯಾಂಕುಗಳ ಜೊತೆ ಮಂಡಳಿಯ ಕೆಲವರಿಗೇ ನಂಟಿತ್ತು. ರೋಗಿಗಳ ಪರವಾಗಿ ದಾವೆ ಹೂಡಲಾಯಿತು, 1974ರಲ್ಲಿ ನ್ಯಾಯಾಧೀಶ ಗೆರ್ಹಾರ್ಡ್ ಗೆಸೆಲ್ ತೀರ್ಪು ಕೊಟ್ಟರು.

ತೀರ್ಪಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಭಾಗ ಇದು: ಪಿತೂರಿ ನಡೆದಿತ್ತು ಎಂಬ ಆರೋಪವನ್ನು ಅವರು ಒಪ್ಪಲಿಲ್ಲ. ಯಾರೂ ಸೇರಿ ಸಂಚು ಮಾಡಿರಲಿಲ್ಲ. ಆದರೂ ಮಂಡಳಿಯ ಸದಸ್ಯರು ಕರ್ತವ್ಯಚ್ಯುತರಾಗಿದ್ದಾರೆ, ಏಕೆಂದರೆ ಮೇಲ್ವಿಚಾರಣೆ ಮಾಡುವುದೇ ಅವರ ಕೆಲಸವಾಗಿತ್ತು, ಅದನ್ನು ಅವರು ಮಾಡಲಿಲ್ಲ ಎಂದರು. ಕೆಟ್ಟದ್ದನ್ನು ಮಾಡದಿರುವುದು ಸಾಲದು, ನೋಡಬೇಕಾದ್ದನ್ನು ನೋಡದಿರುವುದೂ ಲೋಪವೇ. ಅವರನ್ನು ಸ್ಥಾನದಿಂದ ತೆಗೆಯಲಿಲ್ಲ. ಹೂಡಿಕೆಗೆ ಲಿಖಿತ ನೀತಿ ಇರಲಿ, ಬ್ಯಾಂಕುಗಳ ಜೊತೆ ತಮಗಿರುವ ನಂಟನ್ನು ಸದಸ್ಯರು ಆಗಾಗ ಬಹಿರಂಗಪಡಿಸಲಿ, ಮುಂದೆ ಆಯ್ಕೆಯಾಗುವ ಪ್ರತಿಯೊಬ್ಬ ಸದಸ್ಯರೂ ಈ ತೀರ್ಪನ್ನು ಓದಲಿ ಎಂದು ಆದೇಶಿಸಿದರು. "ಸಭೆಗೆ ಬನ್ನಿ, ಅಷ್ಟು ಸಾಕು" ಎಂದು ನಿಮಗೆ ಹೇಳಿದವರಿಗೆ ಇದನ್ನು ಹೇಳಿ.

ದೊಡ್ಡ ಹೆಸರಿನವರು ಇದ್ದರೆ ಎಲ್ಲವೂ ಸರಿಯಾಗಿರುತ್ತದೆ ಎಂಬ ಭಾವನೆಯೂ ಬೇಡ. ಸೇವಾ ಕೆಲಸಗಳಿಗೆ ದೇಣಿಗೆ ಸಂಗ್ರಹಿಸುವ ಯುನೈಟೆಡ್ ವೇ ಆಫ್ ಅಮೆರಿಕ ಸಂಸ್ಥೆಯ ಮಂಡಳಿಯಲ್ಲಿ ಭಾರಿ ಕಂಪನಿಗಳ ಮುಖ್ಯಸ್ಥರೇ ತುಂಬಿದ್ದರು. ಅದರ ಅಧ್ಯಕ್ಷ ವಿಲಿಯಂ ಅರಮೋನಿ 1992ರಲ್ಲಿ ರಾಜೀನಾಮೆ ಕೊಡಬೇಕಾಯಿತು. 1995ರಲ್ಲಿ ವಂಚನೆಯ ಅಪರಾಧ ಸಾಬೀತಾಗಿ ಏಳು ವರ್ಷ ಸೆರೆವಾಸದ ಶಿಕ್ಷೆಯಾಯಿತು. ತಮ್ಮ ಕಂಪನಿಯಲ್ಲಿ ಪ್ರತಿ ಖರ್ಚನ್ನೂ ಪರಿಶೀಲಿಸುವ ಜನ ಸೇವಾ ಸಂಸ್ಥೆಯ ಮೇಜಿನ ಮುಂದೆ ಕುಳಿತಾಗ ಕೇಳುವುದನ್ನೇ ಬಿಟ್ಟುಬಿಡುವುದನ್ನು ನಾನೂ ಕಣ್ಣಾರೆ ನೋಡಿದ್ದೇನೆ. ಒಳ್ಳೆಯ ಕೆಲಸ ನಡೆಯುತ್ತಿರುವ ಕಡೆ ಲೆಕ್ಕ ಕೇಳುವುದು ಸಣ್ಣತನ ಎಂಬ ಸಂಕೋಚ ಅವರನ್ನು ಕಟ್ಟಿಹಾಕುತ್ತದೆ. ಈ ಸಂಕೋಚವೇ ಒಳ್ಳೆಯ ಕೆಲಸಗಳನ್ನು ಮುಳುಗಿಸುವುದು.

ಈಗ ನಿಮ್ಮ ಪ್ರಶ್ನೆ: ಹಣ ಎಷ್ಟು ತಿಂಗಳಿಗೆ ಸಾಕು? ಇದರ ಮೇಲೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಸಂಸ್ಥೆಗಳು ಮುಳುಗುವುದು ಬಹುಮಟ್ಟಿಗೆ ಇಲ್ಲಿಯೇ, ಕಳ್ಳತನದಿಂದಲ್ಲ.

ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕಾಣುವ ಮೊತ್ತ ನಿಮ್ಮದಲ್ಲದಿರಬಹುದು. ಒಬ್ಬ ದಾನಿ ಶ್ರವಣಯಂತ್ರ ಕೊಳ್ಳಲೆಂದೇ ಹಣ ಕೊಟ್ಟಿದ್ದರೆ ಅದು ಶ್ರವಣಯಂತ್ರಕ್ಕೆ ಮಾತ್ರ. ಅದನ್ನು ಶಿಕ್ಷಕಿಯರ ಸಂಬಳಕ್ಕೆ ಬಳಸುವಂತಿಲ್ಲ. ಆದರೆ ಎರಡೂ ಒಂದೇ ಖಾತೆಯಲ್ಲಿದ್ದರೆ ಖಾತೆ ತುಂಬಿದಂತೆ ಕಾಣುತ್ತದೆ. ಅನುದಾನ ಬರುವುದು ತಡವಾದಾಗ "ಸದ್ಯಕ್ಕೆ ಇದರಿಂದ ಸಂಬಳ ಕೊಡೋಣ, ಬಂದಮೇಲೆ ತುಂಬಿಸೋಣ" ಎಂದು ಆರಂಭವಾಗುತ್ತದೆ. ಯಾರಿಗೂ ಕೆಟ್ಟ ಉದ್ದೇಶವಿರುವುದಿಲ್ಲ. ಒಂದು ದಿನ ಶ್ರವಣಯಂತ್ರ ಕೊಳ್ಳಬೇಕಾದಾಗ ಹಣವೇ ಇರುವುದಿಲ್ಲ. ಆದ್ದರಿಂದ ಒಟ್ಟು ಮೊತ್ತ ಕೇಳಬೇಡಿ. ನಿರ್ದಿಷ್ಟ ಉದ್ದೇಶಕ್ಕೆ ಮೀಸಲಾದ ಹಣವೆಷ್ಟು, ಮುಕ್ತವಾಗಿ ಖರ್ಚು ಮಾಡಬಹುದಾದ ಹಣವೆಷ್ಟು ಎಂದು ಬೇರೆ ಬೇರೆಯಾಗಿ ಕೇಳಿ. ಮುಕ್ತ ಹಣವನ್ನು ತಿಂಗಳ ಖರ್ಚಿನಿಂದ ಭಾಗಿಸಿ. ಬರುವ ಸಂಖ್ಯೆಯೇ ನಿಮ್ಮ ಸಂಸ್ಥೆಯ ಉಸಿರು. ಅದು ಒಂದಕ್ಕಿಂತ ಕಡಿಮೆ ಇದ್ದರೆ ಕುರ್ಚಿಯ ಚರ್ಚೆ ನಿಲ್ಲಿಸಿ.

ಇದಕ್ಕೆ ಬ್ರಿಟನ್ನಿನ ಕಿಡ್ಸ್ ಕಂಪನಿಯ ಉದಾಹರಣೆ ಕಣ್ಣಮುಂದಿದೆ. 1996ರಲ್ಲಿ ಲಂಡನ್ನಿನಲ್ಲಿ ನೊಂದ ಮಕ್ಕಳಿಗಾಗಿ ಆರಂಭವಾದ ಸಂಸ್ಥೆ. ವರ್ಷದಿಂದ ವರ್ಷಕ್ಕೆ ಬೆಳೆಯಿತು. ಆದರೆ ಕಷ್ಟಕಾಲಕ್ಕೆಂದು ಕೂಡಿಟ್ಟ ಹಣ ಬೆಳೆಯಲಿಲ್ಲ, ಬಂದದ್ದೆಲ್ಲ ಖರ್ಚಾಗುತ್ತಿತ್ತು. 2015ರ ಆಗಸ್ಟಿನಲ್ಲಿ, ಸರ್ಕಾರದಿಂದ 30 ಲಕ್ಷ ಪೌಂಡ್ ಅನುದಾನ ಬಂದ ಕೆಲವೇ ದಿನಗಳಲ್ಲಿ ಬಾಗಿಲು ಮುಚ್ಚಿತು. ಆ ಹೊತ್ತಿಗೆ ಹೊರಬಿದ್ದ ಗಂಭೀರ ಆರೋಪಗಳೂ ಅದಕ್ಕೆ ಕಾರಣವಾದವು. ಅವಕ್ಕೆ ಆಧಾರವಿಲ್ಲ ಎಂಬುದು ನಂತರ ತಿಳಿಯಿತು. ಹಾಗೆ ಕೂಡಿಟ್ಟ ಹಣ ಇದ್ದ ಸಂಸ್ಥೆಯಾದರೆ ಇಂತಹ ಹೊಡೆತವನ್ನು ತಡೆದುಕೊಳ್ಳುವ ಅವಕಾಶವಾದರೂ ಇರುತ್ತದೆ. ವೇತನವಿಲ್ಲದೆ ದುಡಿದಿದ್ದ ಟ್ರಸ್ಟಿಗಳನ್ನು, ಅಂದರೆ ಮಂಡಳಿಯ ಸದಸ್ಯರನ್ನು, ಮುಂದೆ ಕಂಪನಿಗಳ ನಿರ್ದೇಶಕರಾಗದಂತೆ ಅನರ್ಹಗೊಳಿಸಬೇಕೆಂದು ಮೊಕದ್ದಮೆ ನಡೆಯಿತು. 2021ರ ಫೆಬ್ರುವರಿಯಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸಮರ್ಥರು ಟ್ರಸ್ಟಿಗಳಾಗಲು ಮುಂದೆ ಬರುವುದರ ಮೇಲೆಯೇ ಸೇವಾ ಕ್ಷೇತ್ರ ನಿಂತಿದೆ ಎಂಬುದನ್ನು ನ್ಯಾಯಾಲಯ ಗಮನಿಸಿತ್ತು. ಮರುವರ್ಷ ಸೇವಾ ಸಂಸ್ಥೆಗಳ ಮೇಲ್ವಿಚಾರಣೆ ಮಾಡುವ ಅಲ್ಲಿನ ಚಾರಿಟಿ ಕಮಿಷನ್ ವರದಿ ಕೊಟ್ಟಿತು: ಬಾಕಿ ಕೊಡಬೇಕಾದವರಿಗೂ ತೆರಿಗೆ ಇಲಾಖೆಗೂ ಹಣ ಕೊಡುವುದು ತಡವಾದದ್ದು ಆಡಳಿತದ ಲೋಪವೇ ಎಂದಿತು. ನಾನು ಎರಡನ್ನೂ ಒಟ್ಟಿಗೆ ಓದುತ್ತೇನೆ. ಪ್ರಾಮಾಣಿಕವಾಗಿ ದುಡಿದ ಸದಸ್ಯರು ನ್ಯಾಯಾಲಯಕ್ಕೆ ಹೆದರಬೇಕಾಗಿಲ್ಲ. ಆದರೆ ಪ್ರಾಮಾಣಿಕತೆಯೊಂದರಿಂದಲೇ ಸಂಸ್ಥೆ ಉಳಿಯುವುದೂ ಇಲ್ಲ.

ನಿಮ್ಮ ಹಿರಿಯ ಸದಸ್ಯರ ವಿಷಯ. ದುಡ್ಡೇ ದೊಡ್ಡಪ್ಪ ಎಂಬ ಮಾತು ಮಂಡಳಿಯ ಬಾಗಿಲಿನ ಹೊರಗೆ ಉಳಿಯಬೇಕು. ಮಂಡಳಿಗೆ ಅಧಿಕಾರ ಇರುವುದು ಕೋರಂ ಇರುವ, ಅಂದರೆ ಬೇಕಾದಷ್ಟು ಸದಸ್ಯರು ಹಾಜರಿರುವ ಸಭೆಯಲ್ಲಿ, ನಿರ್ಣಯ ಮಾಡಿದಾಗ. ಸಭೆ ಮುಗಿದು ಹೊರಗೆ ಬಂದ ಸದಸ್ಯರಿಗೆ, ಅವರು ಅಧ್ಯಕ್ಷರೇ ಆಗಿರಲಿ, ಮಂಡಳಿ ಬರವಣಿಗೆಯಲ್ಲಿ ಹೊಣೆ ವಹಿಸದ ಹೊರತು, ಒಬ್ಬ ಗುಮಾಸ್ತರಿಗೂ ಆಜ್ಞೆ ಮಾಡುವ ಹಕ್ಕಿಲ್ಲ. ಇದನ್ನು ಸಾಮಾನ್ಯವಾಗಿ ಯಾರೂ ಹೇಳಿಕೊಡುವುದಿಲ್ಲ. ಸಂಕೇತ ಭಾಷೆಯೋ ತುಟಿಯ ಚಲನೆಯೋ ಎಂಬುದು ಸಣ್ಣ ಪ್ರಶ್ನೆಯಲ್ಲ. 1880ರಲ್ಲಿ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ತರಗತಿಯಿಂದ ಸಂಕೇತ ಭಾಷೆಯನ್ನು ಹೊರಗಿಡುವ ನಿರ್ಣಯ ಮಾಡಿತು. ಮತ ಹಾಕಿದವರಲ್ಲಿ ಬಹುತೇಕ ಎಲ್ಲರೂ ಕಿವಿ ಕೇಳುವವರು. ಅದರ ಹೊಡೆತವನ್ನು ಹಲವು ತಲೆಮಾರುಗಳ ಮಕ್ಕಳು ತಿಂದರು. 2010ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ಇದೇ ಸಮ್ಮೇಳನ ಆ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ವ್ಯಕ್ತಪಡಿಸಿತು. ಇಷ್ಟು ದೊಡ್ಡ ವಿಷಯವನ್ನು ಒಬ್ಬ ಸದಸ್ಯರು ತರಗತಿಯ ಬಾಗಿಲಲ್ಲಿ ನಿಂತು ತೀರ್ಮಾನಿಸುವುದು ಹೇಗೆ? ಅದು ಮಂಡಳಿಯ ಮೇಜಿಗೆ ಬರಲಿ. ಪರಿಣತರನ್ನು ಕರೆಸಿ. ಮುಖ್ಯವಾಗಿ, ಕಿವಿ ಕೇಳದ ವಯಸ್ಕರನ್ನು ಕರೆಸಿ ಕೇಳಿ. ನಿಮ್ಮ ಒಂಬತ್ತು ಮಂದಿಯಲ್ಲಿ ಅಂತಹವರು ಒಬ್ಬರೂ ಇಲ್ಲದಿದ್ದರೆ ಮೊದಲು ತುಂಬಬೇಕಾದ ಖಾಲಿ ಸ್ಥಾನ ಅದೇ.

ತೆರೆದ ಕಿಟಕಿಯವರ ಮಾತು ನನಗೆ ಒಪ್ಪಿಗೆ. ನೌಕರರಿಲ್ಲದ ಸಂಘದಲ್ಲಿ ಸಮಿತಿಯವರೇ ಕೈಯಾರೆ ದುಡಿಯಬೇಕು. ಆದರೆ ಅಲ್ಲಿಯೂ ರಸೀದಿ ಬರೆಯುವ ಕೆಲಸ ಬೇರೆ, ರಸೀದಿ ಪುಸ್ತಕ ತಪಾಸಣೆ ಮಾಡುವ ಕೆಲಸ ಬೇರೆ. ಎರಡನ್ನೂ ಒಬ್ಬರೇ ಮಾಡಬಾರದು.

ಉತ್ತರ: ಸಂಯೋಜಕಿ

ನಾನು ಮೇಜಿನ ಆ ಕಡೆಯವಳು. ಒಂದು ಸೇವಾ ಸಂಸ್ಥೆಯಲ್ಲಿ ಸಂಬಳಕ್ಕೆ ದುಡಿಯುವ ಮುಖ್ಯಸ್ಥೆ. ನಿಮ್ಮ ನಿರ್ದೇಶಕರು ತಲೆ ತಗ್ಗಿಸಿ ಕುಳಿತಿದ್ದರು ಎಂದು ಓದಿ ಸುಮ್ಮನಿರಲಾಗಲಿಲ್ಲ.

ಅವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಭಾವಿಸಬೇಡಿ. ಮುಂದಿನ ತಿಂಗಳ ಸಂಬಳಕ್ಕೆ ಹಣ ಹೊಂದಿಸುವುದು ಹೇಗೆ ಎಂದು ರಾತ್ರಿಯೆಲ್ಲ ಲೆಕ್ಕ ಹಾಕುವ ನನಗೆ, ಸಭೆಯಲ್ಲಿ ಯಾರಾದರೂ ಆ ಪ್ರಶ್ನೆ ಕೇಳಲಿ ಎಂಬ ಆಸೆ ಇರುತ್ತದೆ. ಆದರೆ ಕೇಳಿದ ಕೂಡಲೇ "ನೀವು ಏನು ಮಾಡುತ್ತಿದ್ದಿರಿ?" ಎಂಬ ಗದರಿಕೆ ಬರುವುದಾದರೆ ಬಾಯಿ ಬಿಡುವುದು ಕಷ್ಟ. ಕೆಟ್ಟ ಸುದ್ದಿ ತಂದವರನ್ನು ಮಂಡಳಿ ಹೇಗೆ ನಡೆಸಿಕೊಳ್ಳುತ್ತದೆ ಎಂಬುದರ ಮೇಲೆ, ಮುಂದಿನ ಕೆಟ್ಟ ಸುದ್ದಿ ಎಷ್ಟು ಬೇಗ ಬರುತ್ತದೆ ಎಂಬುದು ನಿಂತಿದೆ.

ಮಂಡಳಿಗೆ ಇರುವುದು ಒಬ್ಬರೇ ನೌಕರರು, ಅವರು ನಿರ್ದೇಶಕರು. ಉಳಿದವರೆಲ್ಲ ನಿರ್ದೇಶಕರ ಸಿಬ್ಬಂದಿ. ಸದಸ್ಯರೊಬ್ಬರು ನನ್ನ ಸಹಾಯಕಿಗೆ ನೇರವಾಗಿ ಫೋನ್ ಮಾಡಿ ಕೆಲಸ ಹೇಳಿದ ದಿನ ಅವಳು ನನ್ನ ಬಳಿ ಬಂದು, "ಅಕ್ಕಾ, ಯಾರ ಮಾತು ಕೇಳಲಿ?" ಎಂದು ಕೇಳಿದ್ದು ನನಗೆ ಇಂದಿಗೂ ನೋವು. ಅಂತಹ ಪರಿಸ್ಥಿತಿಯಲ್ಲಿ ಒಳ್ಳೆಯ ನೌಕರರು ಬಹಳ ಕಾಲ ನಿಲ್ಲುವುದಿಲ್ಲ.

ಹಿರಿಯ ಸದಸ್ಯರಿಗೆ ತರಗತಿಯಲ್ಲಿ ಇರಬೇಕೆಂಬ ಆಸೆ ಇದ್ದರೆ ಬರಲಿ, ಸ್ವಾಗತ. ಆದರೆ ಆ ಹೊತ್ತಿನಲ್ಲಿ ಅವರು ಮಂಡಳಿಯವರಲ್ಲ, ಸ್ವಯಂಸೇವಕರು. ಶಿಕ್ಷಕಿ ಹೇಳಿದ ಕಡೆ ಕುಳಿತು, ಶಿಕ್ಷಕಿ ಹೇಳಿದ ಕೆಲಸ ಮಾಡಬೇಕು. ನಮ್ಮಲ್ಲಿ ಇದನ್ನು ಬರೆದಿಟ್ಟಿದ್ದೇವೆ. ಒಬ್ಬ ಸದಸ್ಯೆ ಪ್ರತಿ ವಾರ ಬಂದು ಪುಸ್ತಕಗಳಿಗೆ ರಟ್ಟು ಹಾಕಿ ಹೋಗುತ್ತಾರೆ. ಅವರಿಗೆ ನನ್ನ ಸಹಾಯಕಿ ಕೆಲಸ ಹಂಚುತ್ತಾಳೆ. ಇಬ್ಬರಿಗೂ ಅದರಲ್ಲಿ ಸಂತೋಷವಿದೆ.

ಇನ್ನೊಂದು ಮಾತು. ನನ್ನ ಕೆಲಸ ಹೇಗಿದೆ ಎಂದು ವರ್ಷಕ್ಕೊಮ್ಮೆಯಾದರೂ ಬರವಣಿಗೆಯಲ್ಲಿ ಹೇಳಿ. ಈ ಹೊಣೆಯನ್ನು ಹೆಚ್ಚಿನ ಮಂಡಳಿಗಳು ಮರೆಯುತ್ತವೆ. ವರ್ಷಗಟ್ಟಲೆ ಏನೂ ಹೇಳದೆ, ಏನೋ ಆದ ದಿನ ಎಲ್ಲವನ್ನೂ ಒಟ್ಟಿಗೆ ಹೇಳುತ್ತಾರೆ. ಪ್ರತಿ ಸಭೆಯ ಕೊನೆಯಲ್ಲಿ ನಾನಿಲ್ಲದೆ ಸದಸ್ಯರು ಸ್ವಲ್ಪ ಹೊತ್ತು ಕುಳಿತು ಮಾತಾಡುವ ಪದ್ಧತಿ ನಮ್ಮಲ್ಲಿದೆ. ಪ್ರತಿ ಸಲವೂ ನಡೆಯುವುದರಿಂದ ಅದರ ಬಗ್ಗೆ ನನಗೆ ಯಾವ ಆತಂಕವೂ ಇಲ್ಲ. ಅಪರೂಪಕ್ಕೊಮ್ಮೆ ನನ್ನನ್ನು ಹೊರಗೆ ಕಳುಹಿಸಿದರೆ ಆಗ ಭಯವಾದೀತು.

ಉತ್ತರ: ತೆರೆದ ಕಿಟಕಿ

ಮೇಷ್ಟರೇ, ನೀವು ಹೇಳಿದ್ದೆಲ್ಲ ಸರಿ. ಆದರೆ ಹಗಲು ಉದ್ಯೋಗ ಮಾಡಿ, ಮನೆ ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಬರುವವರ ಮೇಲೆ ಇಷ್ಟು ಹೊರೆ ಹೊರಿಸಿದರೆ ಯಾರು ಬರುತ್ತಾರೆ? ಮೊದಲೇ ಚುನಾವಣೆಗೆ ನಿಲ್ಲುವವರಿಲ್ಲ. ಲಿಖಿತ ನೀತಿ, ನಂಟು ಬಹಿರಂಗಪಡಿಸುವ ಪತ್ರ, ಹಣದ ಲೆಕ್ಕ ಎಂದರೆ ಇರುವವರೂ ಓಡಿಹೋದಾರು.

ಉತ್ತರ: ಲೆಕ್ಕದ ಮೇಷ್ಟರು

ನಾನು ಹೆಚ್ಚು ಹೊತ್ತು ಕೇಳುತ್ತಿಲ್ಲ. ಕುರ್ಚಿಗೂ ಆಮಂತ್ರಣ ಪತ್ರಿಕೆಗೂ ಹೋಗುವ ಹೊತ್ತನ್ನೇ ಇತ್ತ ತಿರುಗಿಸಿ ಎನ್ನುತ್ತಿದ್ದೇನೆ. ಕುರ್ಚಿ ಕೊಳ್ಳುವುದನ್ನು ನಿರ್ದೇಶಕರಿಗೆ ಬಿಟ್ಟರೆ ಸಭೆ ಅರ್ಧದಷ್ಟು ಚಿಕ್ಕದಾಗುತ್ತದೆ.

ಬಿಡುವುದು ಹೇಗೆ ಎಂಬುದಕ್ಕೆ ಜಾನ್ ಕಾರ್ವರ್ ಎಂಬ ಅಮೆರಿಕದ ಚಿಂತಕರು 1970ರ ದಶಕದಲ್ಲಿ ಒಂದು ಕ್ರಮ ರೂಪಿಸಿದರು. ಕೆಲಸ ಹೀಗೆಯೇ ಮಾಡಿ ಎಂದು ಮಂಡಳಿ ನಿರ್ದೇಶಕರಿಗೆ ಹೇಳಬಾರದು; ಸಂಸ್ಥೆಯಿಂದ ಯಾರಿಗೆ ಯಾವ ಪ್ರಯೋಜನ ಆಗಬೇಕು ಎಂಬುದನ್ನೂ ನಿರ್ದೇಶಕರು ಏನನ್ನು ಮಾಡಕೂಡದು ಎಂಬುದನ್ನೂ ಬರೆದು ಕೊಡಬೇಕು. ಮಿತಿಯೊಳಗೆ ಉಳಿದ ನಿರ್ಧಾರವೆಲ್ಲ ನಿರ್ದೇಶಕರದು. ಅದನ್ನು ಅಕ್ಷರಶಃ ಪಾಲಿಸಿದ ಮಂಡಳಿಗಳು ಕೆಲವೊಮ್ಮೆ ಕಾಗದದಲ್ಲಿಯೇ ಮುಳುಗಿ ಮಕ್ಕಳ ಮುಖ ನೋಡುವುದನ್ನೇ ಬಿಡುತ್ತವೆ, ಆದ್ದರಿಂದ ನಾನು ಅದರ ಪೂರ್ಣ ಅನುಯಾಯಿಯಲ್ಲ. ಆದರೆ ಮಿತಿಗಳನ್ನು ಬರೆದಿಡುವ ಭಾಗ ಬಹಳ ಒಳ್ಳೆಯದು. "ಬಜೆಟ್ಟಿನಲ್ಲಿ ಇಲ್ಲದ ಖರ್ಚು ಮಾಡಕೂಡದು. ಮೀಸಲು ಅನುದಾನವನ್ನು ಬೇರೆಡೆಗೆ ಬಳಸಕೂಡದು. ಸಂಬಳದಿಂದ ಹಿಡಿದ ತೆರಿಗೆಯನ್ನು ಕಟ್ಟದೆ ಉಳಿಸಿಕೊಳ್ಳಕೂಡದು." ಇಂತಹ ನಾಲ್ಕಾರು ಸಾಲುಗಳಿದ್ದರೆ ಕುರ್ಚಿ ಮರದ್ದೋ ಪ್ಲಾಸ್ಟಿಕ್ಕಿನದ್ದೋ ಎಂದು ಯಾರೂ ಕೇಳಬೇಕಾಗಿಲ್ಲ.

ಜನ ಓಡಿಹೋಗುತ್ತಾರೆ ಎಂಬುದನ್ನು ನಾನು ಒಪ್ಪುವುದಿಲ್ಲ. ಬುದ್ಧಿವಂತರು ಮಂಡಳಿ ಬಿಡುವುದು ಕೆಲಸ ಹೆಚ್ಚಾಗಿ ಅಲ್ಲ, ತಮ್ಮ ಬುದ್ಧಿಗೆ ಅಲ್ಲಿ ಕೆಲಸವೇ ಇಲ್ಲ ಎಂದು. ಅವಧಿಗೆ ಮಿತಿ ಇಡಿ, ಹೊಸಬರಿಗೆ ಮೊದಲ ದಿನವೇ ಬೈಲಾ ಮತ್ತು ಹಿಂದಿನ ವರ್ಷದ ಲೆಕ್ಕಪತ್ರ ಕೊಟ್ಟು ಕೂರಿಸಿ ವಿವರಿಸಿ. ನಿಲ್ಲುವವರು ನಿಲ್ಲುತ್ತಾರೆ.

ಪ್ರತಿಕ್ರಿಯೆ: ಮುಂಜಾವು

ಎಲ್ಲರಿಗೂ ಧನ್ಯವಾದಗಳು. ಸಂಯೋಜಕಿಯವರ ಮಾತು ಓದಿ ನಮ್ಮ ನಿರ್ದೇಶಕರ ಜೊತೆ ಮಾತಾಡಿದೆ. ಬ್ಯಾಂಕಿನಲ್ಲಿರುವ ಹಣದ ಹೆಚ್ಚಿನ ಪಾಲು ಶ್ರವಣಯಂತ್ರ ಮತ್ತು ವ್ಯಾನಿಗೆಂದು ಬಂದದ್ದಂತೆ. ಮುಕ್ತವಾದ ಹಣ ಎರಡು ತಿಂಗಳಿಗೂ ಸಾಲದು ಎಂದರು. ಹೇಳಿ ಮುಗಿಸಿದಾಗ ಅವರ ಮುಖದಲ್ಲಿ ನಿರಾಳ ಕಂಡಿತು. ಒಂಬತ್ತು ಮಂದಿಯಲ್ಲಿ ಕಿವಿ ಕೇಳದವರು ಯಾರೂ ಇಲ್ಲ ಎಂಬುದೂ ನಿಜ. ಅದು ನಮ್ಮ ಯಾರ ಗಮನಕ್ಕೂ ಬಂದಿರಲಿಲ್ಲ.

ಈಗ ಎರಡು ತೊಡಕು. ನಾನು ಅಧ್ಯಕ್ಷೆಯಲ್ಲ, ಕಾರ್ಯಸೂಚಿ ನನ್ನ ಕೈಯಲ್ಲಿಲ್ಲ. ಎರಡನೆಯದು, ಕಳೆದ ಸಭೆಯ ನಡಾವಳಿ ಸಹಿಗೆ ಬಂದಿದೆ. ಅದರಲ್ಲಿ "ಲೆಕ್ಕಪತ್ರಗಳನ್ನು ವಿವರವಾಗಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದಿದೆ. ಚರ್ಚೆಯೇ ಆಗಿರಲಿಲ್ಲ. ಸಹಿ ಹಾಕಲೇ?

ಉತ್ತರ: ಲೆಕ್ಕದ ಮೇಷ್ಟರು

ಹಾಗೆಯೇ ಹಾಕಬೇಡಿ. ಸಭೆಯಲ್ಲಿ ಏನು ನಡೆಯಿತು ಎಂಬುದಕ್ಕೆ ನಾಳೆ ಉಳಿಯುವ ಸಾಕ್ಷಿ ನಡಾವಳಿ ಒಂದೇ. ಕಾರ್ಯದರ್ಶಿಗೆ ಒಂದು ಸಣ್ಣ ಪತ್ರ ಬರೆಯಿರಿ: "ಲೆಕ್ಕಪತ್ರಗಳನ್ನು ಮಂಡಿಸಲಾಯಿತು, ಓದಿದಂತೆ ಭಾವಿಸಿ ಅಂಗೀಕರಿಸಲಾಯಿತು. ಹಣದ ಸಾಕಾಗುವಿಕೆಯ ಬಗ್ಗೆ ಸದಸ್ಯೆಯೊಬ್ಬರು ಪ್ರಶ್ನೆ ಕೇಳಿದರು, ಉತ್ತರ ಬರಲಿಲ್ಲ ಎಂದು ತಿದ್ದಬೇಕಾಗಿ ಕೋರಿಕೆ." ಆರೋಪ ಬೇಡ, ವಿಶೇಷಣ ಬೇಡ, ನಡೆದದ್ದನ್ನು ನಡೆದಂತೆ ಬರೆಯಿರಿ. ತಿದ್ದಲು ಒಪ್ಪದಿದ್ದರೆ ನಿಮ್ಮ ಪತ್ರವನ್ನು ನಡಾವಳಿಗೆ ಲಗತ್ತಿಸಲು ಕೇಳಿ.

ಕಾರ್ಯಸೂಚಿಗೆ ವಿಷಯ ಸೇರಿಸಲು ಅಧ್ಯಕ್ಷರಾಗಬೇಕಿಲ್ಲ. ಸದಸ್ಯರು ಎಷ್ಟು ದಿನ ಮುಂಚೆ ಬರವಣಿಗೆಯಲ್ಲಿ ತಿಳಿಸಬೇಕು ಎಂದು ನಿಮ್ಮ ಬೈಲಾದಲ್ಲಿ ನೋಡಿ. ಪತ್ರ ಕೊಡುವ ಮುಂಚೆ ಅಧ್ಯಕ್ಷರನ್ನು ಒಬ್ಬರನ್ನೇ ಭೇಟಿಯಾಗಿ, ಎರಡು ತಿಂಗಳಿಗೂ ಸಾಲದು ಎಂಬ ಮಾತನ್ನು ನೇರವಾಗಿ ಹೇಳಿ. ನಿರ್ದೇಶಕರೂ ಜೊತೆಗಿದ್ದರೆ ಇನ್ನೂ ಒಳ್ಳೆಯದು, ತಮ್ಮ ಬೆನ್ನ ಹಿಂದೆ ಏನೋ ನಡೆಯಿತು ಎಂದು ಯಾರಿಗೂ ಅನಿಸಬಾರದು. ಅಂದು ಅವರು ನಿಮ್ಮ ಮೇಲೆ ಬೇಸರಗೊಂಡದ್ದು ಗಾಬರಿಯಿಂದಲೂ ಇರಬಹುದು. ಎಲ್ಲರ ಮುಂದೆ ಉತ್ತರವಿಲ್ಲದೆ ನಿಲ್ಲುವುದು ಯಾರಿಗೂ ಇಷ್ಟವಾಗುವುದಿಲ್ಲ.

ಸಭೆಯಲ್ಲಿ ಮೂರು ನಿರ್ಣಯಗಳನ್ನು ಕೇಳಿ. ಲೆಕ್ಕಪತ್ರ ಇನ್ನು ಮುಂದೆ ಕಾರ್ಯಸೂಚಿಯ ಮೊದಲ ವಿಷಯವಾಗಲಿ, ಕಾಗದ ಸಭೆಗೆ ಒಂದು ವಾರ ಮುಂಚೆ ಎಲ್ಲರ ಕೈ ಸೇರಲಿ. ಮುಂದಿನ ಹನ್ನೆರಡು ತಿಂಗಳಲ್ಲಿ ಬರುವ ಮತ್ತು ಹೋಗುವ ಹಣದ ಪಟ್ಟಿಯನ್ನು, ಮೀಸಲು ಹಣ ಬೇರೆ ಮುಕ್ತ ಹಣ ಬೇರೆ ಮಾಡಿ, ನಿರ್ದೇಶಕರೂ ಖಜಾಂಚಿಯೂ ಸೇರಿ ಸಿದ್ಧಪಡಿಸಲಿ. ಬೋಧನಾ ಕ್ರಮದ ಪ್ರಶ್ನೆಗೆ ಪ್ರತ್ಯೇಕ ಸಭೆ ಕರೆಯಲಿ. ಅದಕ್ಕೆ ಕಿವಿ ಕೇಳದ ಹಿರಿಯರನ್ನೂ ದುಭಾಷಿಯನ್ನೂ ಆಹ್ವಾನಿಸಲಿ, ಹಿರಿಯ ಸದಸ್ಯರು ತಮ್ಮ ವಾದವನ್ನು ಅಲ್ಲಿಯೇ ಮಂಡಿಸಲಿ. ಮೂರನೆಯದನ್ನು ಅವರಿಂದಲೇ ಸೂಚಿಸುವಂತೆ ಕೇಳಿ ನೋಡಿ. ಅವರು ಮಕ್ಕಳನ್ನು ಪ್ರೀತಿಸುವವರು ಎಂದು ನೀವೇ ಬರೆದಿದ್ದೀರಿ, ಒಪ್ಪಿಯಾರು.

ಮತಕ್ಕೆ ಹಾಕಿ ಸೋತರೆ ನಿಮ್ಮ ಭಿನ್ನಮತವನ್ನು ದಾಖಲಿಸಲು ಹೇಳಿ, ಮುಂದಿನ ಸಭೆಗೂ ಹೋಗಿ. ಹನ್ನೆರಡು ತಿಂಗಳ ಪಟ್ಟಿಗೆ ಯಾವ ಯಾವ ಸಾಲುಗಳು ಬೇಕು ಎಂಬುದನ್ನು ನಾಳೆ ಇಲ್ಲಿಯೇ ಬರೆದು ಹಾಕುತ್ತೇನೆ. ನಿಮ್ಮ ಖಜಾಂಚಿಗೆ ತೋರಿಸಿ.